ಶಾಂತಲೆಯ ಹೆಸರಲ್ಲಿ ಹೇಳಿದ ಸುಳ್ಳು

ಇತಿಹಾಸದ ಯಾವ ಪುಸ್ತಕ ಓದಬೇಕು ಎಂದು ಯಾರಾದರೂ ಕೇಳಿದರೆ ಸಾಕು, ಒಂದು ಕಾಲದಲ್ಲಿ ನನ್ನ ಜೇಬಿನಿಂದ ಪಟ್ಟಿ ಹೊರಬರುತ್ತಿತ್ತು. ಜೆರಾಕ್ಸ್ ಮಾಡಿಸಿ ಕಟ್ಟುಗಟ್ಟಲೆ ಇಟ್ಟುಕೊಂಡಿದ್ದೆ. ಅದರಲ್ಲಿ ಮೂರು ಕಾಲಂ: ಚಿಕ್ಕ ಮಕ್ಕಳಿಗೆ, ಹೈಸ್ಕೂಲು ಕಾಲೇಜಿನವರಿಗೆ, ದೊಡ್ಡವರಿಗೆ. ಮೊದಲ ಕಾಲಂನಲ್ಲಿ ನೆಹರೂ ಮಗಳಿಗೆ ಬರೆದ ಪತ್ರಗಳು. ಎರಡನೆಯದರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’, ಸೂರ್ಯನಾಥ ಕಾಮತರು ಬರೆದ ಕರ್ನಾಟಕದ ಸಂಕ್ಷಿಪ್ತ ಇತಿಹಾಸ. ಮೂರನೆಯದರಲ್ಲಿ ನೀಲಕಂಠ ಶಾಸ್ತ್ರಿಗಳ ದಕ್ಷಿಣ ಭಾರತದ ಇತಿಹಾಸ, ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’, ಷ. ಶೆಟ್ಟರ್ ಅವರ ಪುಸ್ತಕಗಳು. ಒಂದೂ ಕೆಟ್ಟ ಪುಸ್ತಕವಲ್ಲ. ಈಗಲೂ ಅದರಲ್ಲಿ ಯಾವುದನ್ನೂ ನಾನು ಹೊಡೆದುಹಾಕುವುದಿಲ್ಲ. ಆದರೆ ಆ ಪಟ್ಟಿಯಿಂದ ನಮ್ಮ ಶಾಂತಿಗ್ರಾಮದ ಸುತ್ತಮುತ್ತ ಒಬ್ಬ ಓದುಗನೂ ಹುಟ್ಟಲಿಲ್ಲ. ಮೊದಲೇ ಓದುತ್ತಿದ್ದ ಒಬ್ಬಳನ್ನು ನಾನೇ ಕಳೆದುಕೊಂಡೆ.

ನಾನು ಸಮಾಜ ವಿಜ್ಞಾನದ ಮೇಷ್ಟ್ರು. ನಿವೃತ್ತಿಯ ಹೊತ್ತಿಗೆ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಏನಾದರೂ ಮಾಡಬೇಕು ಸಾರ್ ಎಂದು ದುಡ್ಡು ಕಳಿಸಿದ. ಪಟ್ಟಿ ಹಿಡಿದು ಹೋಗಿ ಪುಸ್ತಕ ಕೊಂಡು ತಂದು, ಹತ್ತಿರದ ಪಂಚಾಯಿತಿ ಗ್ರಂಥಾಲಯವೊಂದಕ್ಕೆ ಕೊಟ್ಟೆ. ಗಾಜಿನ ಬಾಗಿಲಿನ ಬೀರು, ಅದರ ಮೇಲೆ ದಾನಿಯ ಹೆಸರು, ಒಂದು ಸಣ್ಣ ಸಮಾರಂಭ, ಕೇಸರಿಬಾತು. ಬಹಳ ದಿನಗಳ ಮೇಲೆ ಹೋಗಿ ನೋಡಿದರೆ, ಪುಸ್ತಕದ ಹಿಂದೆ ಅಂಟಿಸಿದ್ದ ತಾರೀಕಿನ ಚೀಟಿಗಳು ಅಂಟಿಸಿದಾಗ ಹೇಗಿದ್ದವೋ ಹಾಗೇ ಇದ್ದವು. ಶಾಸ್ತ್ರಿಗಳ ಪುಸ್ತಕದ ಎರಡು ಹಾಳೆ ಮುದ್ರಣದಲ್ಲೇ ಅಂಟಿಕೊಂಡಿದ್ದವು, ಅವನ್ನು ಬಿಡಿಸಿದವರೂ ಇರಲಿಲ್ಲ. ಯಾರೂ ಒಯ್ಯಲಿಲ್ಲವೇ ಎಂದು ಮೇಲ್ವಿಚಾರಕಿಯನ್ನು ಕೇಳಿದೆ. “ಒಯ್ದಿಲ್ಲ ಸಾರ್. ನಿಮ್ ಬೀರು ಮುಂದೆ ಬಂದ್ರೆ ಜನ ಚಪ್ಲಿ ಬಿಟ್ಟು ಕೈ ಮುಗಿಯೋದೊಂದು ಬಾಕಿ” ಎಂದು ನಕ್ಕಳು.

ಅದೇ ಕೋಣೆಯ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಅದರಲ್ಲಿ ರಾಷ್ಟ್ರೋತ್ಥಾನದ ಭಾರತ-ಭಾರತಿ ಮಾಲೆಯ ಅಂಗೈಯಗಲದ ಪುಸ್ತಕಗಳು, ಎಲ್.ಎಸ್. ಶೇಷಗಿರಿರಾಯರು ಸಂಪಾದಿಸಿದ್ದವು. ಅರ್ಧಕ್ಕರ್ಧ ಪುಸ್ತಕಗಳಿಗೆ ರಕ್ಷಾಪುಟವೇ ಇರಲಿಲ್ಲ. ಅಂಚುಗಳು ಹೆಬ್ಬೆರಳು ತಾಗಿ ತಾಗಿ ಕಪ್ಪಾಗಿದ್ದವು, ಒಂದಕ್ಕೆ ಯಾರೋ ಅನ್ನದ ಅಗುಳು ಅಂಟಿಸಿ ಹರಿದ ಹಾಳೆ ಸೇರಿಸಿದ್ದರು. ನನ್ನ ಪಟ್ಟಿಯಲ್ಲಿ ಈ ಮಾಲೆ ಇರಲಿಲ್ಲ. ಅದು ಇತಿಹಾಸವಲ್ಲ, ಬರೀ ಮಹಾಪುರುಷರ ಕಥೆ ಎಂದು ನಾನು ಕೈಬಿಟ್ಟಿದ್ದೆ. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಆ ಪುಟ್ಟ ಪುಸ್ತಕಗಳಲ್ಲಿ ಎಲ್ಲರೂ ದೊಡ್ಡವರೇ, ಹೊಲ ಉಳುವವರು, ನೀರು ಹೊರುವವರು ಕಾಣುವುದು ಕಡಿಮೆ. ಆದರೆ ಮಕ್ಕಳ ಕೈ ಓಡಿದ್ದು ಆ ಪೆಟ್ಟಿಗೆಗೇ.

ಬೀರುವಿನ ಸೋಲು ನನಗೆ ಅಷ್ಟೇನೂ ನೋಯಲಿಲ್ಲ. ಜನ ಓದುವುದಿಲ್ಲ ಎಂದು ಜನರನ್ನೇ ಬೈದುಕೊಂಡು ಸುಮ್ಮನಾಗಬಹುದಿತ್ತು, ಕೆಲವು ಕಾಲ ಹಾಗೆಯೇ ಮಾಡಿದೆ. ನೋಯುವುದು ಅದಕ್ಕಿಂತ ಹಿಂದಿನ ಇನ್ನೊಂದು ಸಂಗತಿ. ಅದನ್ನು ಹೇಳದೆ ಈ ಪುಸ್ತಕಗಳ ಮಾತು ಮುಂದುವರಿಯುವುದಿಲ್ಲ.

ನಮ್ಮ ಊರಿನ ಹೆಸರಿಗೆ ಹೊಯ್ಸಳರ ರಾಣಿ ಶಾಂತಲೆಯೇ ಮೂಲ ಎಂದು ಊರ ಜನ ಹೇಳುತ್ತಾರೆ. ಹಾಗಾಗಿ ಇಲ್ಲಿ ಪಾಠ ಮಾಡುವ ಮೇಷ್ಟ್ರಿಗೆ ಶಾಂತಲೆ ಎಂದರೆ ಮನೆಮಗಳು. ನಾನು ಪ್ರತಿ ವರ್ಷ ಹೊಯ್ಸಳರ ಪಾಠಕ್ಕೆ ಬಂದಾಗ ಪುಸ್ತಕ ಮುಚ್ಚಿಟ್ಟು ಅವಳ ಸಾವಿನ ಕಥೆ ಹೇಳುತ್ತಿದ್ದೆ. ಮಕ್ಕಳಾಗಲಿಲ್ಲವೆಂಬ ಕೊರಗು, ಸವತಿ ಲಕ್ಷ್ಮೀದೇವಿಯ ಮಗನಿಗೆ ಪಟ್ಟವಾಗಲಿ ಎಂಬ ತ್ಯಾಗ, ಶಿವಗಂಗೆಯ ಬೆಟ್ಟದ ತುದಿ, ಅಲ್ಲಿಂದ ಹಾರಿದ್ದು. ಬೆಟ್ಟಕ್ಕೆ ಹೋದವರಿಗೆಲ್ಲ ಗೊತ್ತು, ಆ ಜಾಗಕ್ಕೆ ಶಾಂತಲಾ ಡ್ರಾಪ್ ಎಂದೇ ಹೆಸರು. ಹಿಂದಿನ ಬೆಂಚಿನ ಪೋಲಿ ಹುಡುಗರೂ ಆ ದಿನ ಮಾತ್ರ ಕಿಟಕಿಯಾಚೆ ನೋಡುತ್ತಿರಲಿಲ್ಲ. ಅದು ನನ್ನ ಅತ್ಯುತ್ತಮ ಪಾಠ ಎಂದು ನಾನು ನಂಬಿದ್ದೆ.

ಒಂದು ವರ್ಷ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ಓದುವ ಹುಡುಗಿ. ಮನೆಗೆ ಬಂದು ಪುಸ್ತಕ ಕೇಳಿ ಒಯ್ಯುತ್ತಿದ್ದವಳು ಅವಳೊಬ್ಬಳೇ. ಅದಕ್ಕೆ ಸ್ವಲ್ಪ ಮೊದಲು ಪ್ರವಾಸದಲ್ಲಿ ಶ್ರವಣಬೆಳಗೊಳಕ್ಕೆ ಹೋಗಿ ಬಂದಿದ್ದೆವು. ಅಲ್ಲಿ ಚಿಕ್ಕಬೆಟ್ಟದ ಮೇಲೆ ಶಾಂತಲೆ 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿ ಇದೆ. ಅದು ಅವಳದೇ ಬಿರುದು, ಸವತಿಯರ ಪಾಲಿಗೆ ಮದ್ದಾನೆಯಂಥವಳು ಎಂದು ಅರ್ಥ ಅಂತ ಅಲ್ಲಿದ್ದವರೊಬ್ಬರು ಹೇಳಿದ್ದರು. ಹುಡುಗಿ ಕೇಳಿದಳು: “ಸಾರ್, ಸವತಿಯರಿಗೆ ಮದ್ದಾನೆ ಅಂತ ಬಿರುದು ಇಟ್ಕೊಂಡು, ಅದೇ ಹೆಸರಲ್ಲಿ ಬಸದಿ ಕಟ್ಸಿದವ್ಳು ಸವತಿ ಮಗನಿಗೋಸ್ಕರ ಬೆಟ್ಟದಿಂದ ಹಾರ್ತಾಳಾ?”

ತರಗತಿ ನಕ್ಕಿತು. ನನಗೆ ಸಿಟ್ಟು ಬಂತು. “ದೊಡ್ಡ ದೊಡ್ಡ ವಿದ್ವಾಂಸರು ಬರೆದಿದ್ದಾರೆ. ಶಾಸನದಲ್ಲೇ ಇದೆ. ಕೂತ್ಕೋ” ಎಂದೆ.

ಶಾಸನವನ್ನು ನಾನು ಓದಿರಲಿಲ್ಲ. ನಾನು ಓದಿದ್ದು ಕಾದಂಬರಿ. ಚಿಕ್ಕಂದಿನಲ್ಲಿ ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಓದಿ ಅತ್ತವನು ನಾನು. ಅಯ್ಯರ್ ಬೆಂಗಳೂರಿನಲ್ಲಿ ಹೆಸರಾದ ವ್ಯಾಯಾಮ ಗುರು, ಅಂಗಸಾಧನೆ ಕಲಿಸುತ್ತಿದ್ದ ಕೈ ಅಷ್ಟು ಮೃದುವಾಗಿ ಬರೆಯಿತಲ್ಲ ಎಂದು ಈಗಲೂ ಆಶ್ಚರ್ಯಪಡುತ್ತೇನೆ. ಓದಿದ ಕಾದಂಬರಿ, ಕೇಳಿದ ಐತಿಹ್ಯ, ಶಿವಗಂಗೆಯಲ್ಲಿ ಕಂಡ ಬಂಡೆ, ಎಲ್ಲ ಕಲಸಿ ನನ್ನ ತಲೆಯಲ್ಲಿ ಇತಿಹಾಸವಾಗಿ ಕೂತಿತ್ತು.

ಮುಂದಿನ ವಾರ ಹಾಸನದಲ್ಲಿ ಸ್ನೇಹಿತರೊಬ್ಬರ ಬಳಿ ಕರ್ನಾಟಕದ ಶಾಸನಗಳ ಸಂಗ್ರಹವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಎರಡನೆಯ ಸಂಪುಟ ಸಿಕ್ಕಿತು. ಅದು ಶ್ರವಣಬೆಳಗೊಳದ ಶಾಸನಗಳದ್ದು. ಬಿ.ಎಲ್. ರೈಸ್ 1889ರಲ್ಲಿ ತಂದಾಗ ಅದರಲ್ಲಿ 144 ಶಾಸನಗಳಿದ್ದವು, 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ 500 ಆದವು. ಶಾಂತಲೆಯ ಸಾವಿನ ಶಾಸನ ಅದರಲ್ಲಿದೆ. 1131ರಲ್ಲಿ ಶಿವಗಂಗೆಯಲ್ಲಿ ಅವಳು ತೀರಿಕೊಂಡಳು ಎಂಬುದಷ್ಟೇ ಅಲ್ಲಿರುವುದು. ಬೆಟ್ಟದಿಂದ ಹಾರಿದ ಮಾತಿಲ್ಲ, ಬಂಜೆತನದ ಮಾತಿಲ್ಲ, ಸವತಿಯ ಮಗನ ಪಟ್ಟದ ಮಾತಿಲ್ಲ. ಅದರ ಬದಲು ನಾನು ಎಂದೂ ಪಾಠದಲ್ಲಿ ಹೆಸರೆತ್ತದ ಒಬ್ಬಳ ಕಥೆ ಇದೆ: ಅವಳ ತಾಯಿ ಮಾಚಿಕಬ್ಬೆ. ಮಗಳು ಹೋದ ಮೇಲೆ ತಾನು ಉಳಿಯಲಾರೆ ಎಂದು ಬೆಳಗೊಳಕ್ಕೆ ಬಂದು, ಅನ್ನ ಬಿಟ್ಟು, ಅರೆಮುಚ್ಚಿದ ಕಣ್ಣಲ್ಲಿ ಪಂಚನಮಸ್ಕಾರ ಜಪಿಸುತ್ತ, ತಿಂಗಳ ಉಪವಾಸದಲ್ಲಿ ದೇಹ ಬಿಟ್ಟವಳು. ಗಂಡ ಮಾರಸಿಂಗಯ್ಯ ಶಿವಭಕ್ತ, ಹೆಂಡತಿ ಜೈನಳು, ಅಳಿಯ ವಿಷ್ಣುವರ್ಧನ ಬೇಲೂರಿನ ಚೆನ್ನಕೇಶವನ ಗುಡಿ ಕಟ್ಟಿಸಿದವನು. ಆ ಗುಡಿಯ ಪಕ್ಕದಲ್ಲೇ ಕಪ್ಪೆಚೆನ್ನಿಗರಾಯನ ಗುಡಿ ಕಟ್ಟಿಸಿದವಳು ಜೈನಳಾದ ಶಾಂತಲೆ. ಒಂದು ಮನೆಯೊಳಗೆ ಇಷ್ಟೆಲ್ಲ ಇತ್ತು. ಇದನ್ನು ಬಿಟ್ಟು ನಾನು ವರ್ಷಗಟ್ಟಲೆ ಬಂಡೆಯೊಂದನ್ನು ತೋರಿಸುತ್ತಿದ್ದೆ.

ಮರುದಿನವೇ ತರಗತಿಯಲ್ಲಿ ನಿಂತು ಹೇಳಬೇಕಿತ್ತು. ಹೇಳಲಿಲ್ಲ. ಪೋರ್ಷನ್ ಮುಗಿಸಬೇಕಿತ್ತು, ಪರೀಕ್ಷೆ ಹತ್ತಿರ ಬಂದಿತ್ತು. ಇವೆಲ್ಲ ನೆಪ. ಮೇಷ್ಟ್ರು ಸೋತರು ಎಂದು ಮಕ್ಕಳು ಆಡಿಕೊಂಡರೆ ಎಂಬ ಭಯವೇ ನಿಜ. ಆ ಹುಡುಗಿ ಮನೆಗೆ ಬರುವುದನ್ನು ನಿಲ್ಲಿಸಿದಳು. ಪಿಯುಸಿಗೆ ವಿಜ್ಞಾನ ತೆಗೆದುಕೊಂಡಳು. ಅದು ನನ್ನಿಂದಲೇ ಆಯಿತು ಎಂದುಕೊಳ್ಳುವುದೂ ಒಂದು ಬಗೆಯ ದೊಡ್ಡಸ್ತಿಕೆಯೇ, ಅದನ್ನು ಬಿಡೋಣ. ಇತಿಹಾಸದ ಪುಸ್ತಕವಂತೂ ಅವಳು ಆಮೇಲೆ ನನ್ನ ಹತ್ತಿರ ಕೇಳಲಿಲ್ಲ.

ಈಗ ನನಗೆ ಅನ್ನಿಸುವುದು, ಪಟ್ಟಿಯ ಸೋಲೂ ಪಾಠದ ಸೋಲೂ ಒಂದೇ ಬೇರಿನವು. ಎರಡರಲ್ಲೂ ನಾನು ಎದುರಿಗಿದ್ದವರ ಪ್ರಶ್ನೆ ಕೇಳಿಸಿಕೊಳ್ಳಲಿಲ್ಲ. ವಯಸ್ಸು ಕೇಳಿ ಪುಸ್ತಕ ಕೊಟ್ಟೆ, ಸಂಶಯ ಕೇಳಿ ಗದರಿದೆ. ಪುಸ್ತಕ ಕೊಡುವಾಗಲಾದರೂ ಇದು ಎಂಥ ಪುಸ್ತಕ ಎಂದು ಹೇಳಿದೆನೇ ಎಂದರೆ ಅದೂ ಇಲ್ಲ. ಕಾದಂಬರಿ, ಶಾಸನ, ನಾಡನ್ನು ಎಚ್ಚರಿಸಲು ಬರೆದದ್ದು, ಸರ್ಕಾರಕ್ಕೆ ಬರೆದ ವರದಿ, ಎಲ್ಲವನ್ನೂ ಇತಿಹಾಸ ಎಂಬ ಒಂದೇ ಮೂಟೆಗೆ ತುಂಬಿದ್ದೆ.

‘ಕರ್ನಾಟಕ ಗತವೈಭವ’ವನ್ನೇ ತೆಗೆದುಕೊಳ್ಳಿ. 1917ರಲ್ಲಿ ಅದು ಬಂದಾಗ ಕನ್ನಡಿಗರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದರು. ನಮಗೂ ಒಂದು ನಾಡಿತ್ತು, ರಾಜ್ಯಗಳಿದ್ದವು ಎಂದು ಹೇಳಿ ಅವರನ್ನು ಎಬ್ಬಿಸಲು ಆಲೂರರು ಬರೆದ ಪುಸ್ತಕ ಅದು. ಅದರ ಬಿಸಿ ಆ ಕಾಲದ್ದು. ಅದನ್ನು ಹೇಳದೆ ಹತ್ತನೇ ತರಗತಿಯ ಹುಡುಗನ ಕೈಗೆ ಕೊಟ್ಟರೆ ಅವನಿಗೆ ಅದು ಹಳೆಯ ಭಾಷಣ. ಏಕೀಕರಣ ಹೇಗಾಯಿತು ಎಂದು ಕೇಳುವವನಿಗೆ ಕೊಟ್ಟರೆ ಅದೇ ಪುಸ್ತಕ ಉರಿಯುತ್ತದೆ. ನಾನು ಮೊದಲನೆಯವನಿಗೆ ಕೊಟ್ಟಿದ್ದೆ.

ಕಾದಂಬರಿಯ ಗೊಂದಲ ನನ್ನೊಬ್ಬನದಲ್ಲ ಎಂದು ಸಮಾಧಾನ ಹೇಳಿಕೊಳ್ಳಲು ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕೇ ಸಾಕು. ಅಲ್ಲಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರ ‘ಆವರಣ’ 2007ರಲ್ಲಿ ಬಂದಾಗ ಟೀ ಅಂಗಡಿಯಲ್ಲೂ ಜಗಳ. ಮೆಚ್ಚಿದವರು ಅದನ್ನು ಇತಿಹಾಸವೆಂದೇ ಮೆಚ್ಚಿದರು, ಬೈದವರೂ ಇತಿಹಾಸವೆಂದೇ ಬೈದರು. ಕಾದಂಬರಿಯಾಗಿ ಹೇಗಿದೆ ಎಂದು ಕೇಳಿದವರನ್ನು ನಾನಂತೂ ಕಾಣಲಿಲ್ಲ. ಅವರದೇ ‘ಗೃಹಭಂಗ’ದ ಬಗ್ಗೆ ಯಾರೂ ಹಾಗೆ ಜಗಳವಾಡುವುದಿಲ್ಲ. ಆದರೆ ನಮ್ಮ ಸೀಮೆಯಲ್ಲಿ ಪ್ಲೇಗು ಬಂದಾಗ ಊರು ಬಿಟ್ಟು ಹೊರಗೆ ಷೆಡ್ಡು ಹಾಕಿಕೊಂಡು ಬದುಕಿದ್ದು, ಶಾನುಭೋಗಿಕೆಯ ಲೆಕ್ಕ, ಬರ, ಹಸಿವು, ಇವು ಹೇಗಿದ್ದವು ಎಂದು ತಿಳಿಯಲು ಅದಕ್ಕಿಂತ ಹತ್ತಿರದ ಪುಸ್ತಕ ನನಗೆ ಗೊತ್ತಿಲ್ಲ. ವಯಸ್ಸಾದವರಿಗೆ ನಾನು ಈಗ ಮೊದಲು ಕೊಡುವುದು ಅದು, ಜೊತೆಗೆ ಗೊರೂರರ ‘ಹಳ್ಳಿಯ ಚಿತ್ರಗಳು’. ಓದಿ ಮುಗಿಸುವುದರೊಳಗೆ ಅವರೇ ಇತಿಹಾಸ ಹೇಳಲು ಶುರುಮಾಡುತ್ತಾರೆ. ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯೂ ಕೆಲವರಿಗೆ ಹಿಡಿಸುತ್ತದೆ. ಆದರೆ ಅದು ಹೆಚ್ಚಾಗಿ ಹಳೆಯ ಮೈಸೂರಿನ ದಿವಾನರ, ವಿದ್ವಾಂಸರ ಲೋಕ. ಹೊಲದಿಂದ ಬಂದವರು ಒಂದು ಸಂಪುಟಕ್ಕೆ ಸುಸ್ತಾಗುತ್ತಾರೆ.

ಕೊನೆಗೆ ಪಟ್ಟಿಯನ್ನು ಬದಿಗಿಟ್ಟು, ಕೇಳುವವರ ಪ್ರಶ್ನೆ ನೋಡಿ ಪುಸ್ತಕ ಕೊಡೋಣ ಎಂದು ಬೀರುವಿನ ಬಾಗಿಲು ತೆಗೆದೆ. ಆಮೇಲೆ ನಡೆದದ್ದರಲ್ಲಿ ಒಂದೆರಡು ಹೇಳುತ್ತೇನೆ.

ರಾಗಿ, ಆಲೂಗಡ್ಡೆ ಬೆಳೆಯುವ ಒಬ್ಬರು ಪೇಪರು ಓದಲು ಗ್ರಂಥಾಲಯಕ್ಕೆ ಬರುತ್ತಿದ್ದರು. ರಾಜರ ಕಥೆ ಎಂದರೆ ಆಕಳಿಕೆ. ಒಂದು ದಿನ, “ನಿಮ್ ಇತಿಹಾಸ್ದಲ್ಲಿ ನಮ್ಮಂತೋರು ಎಲ್ಲವ್ರೆ ಮೇಷ್ಟ್ರೇ, ತೋರ್ಸಿ ನೋಡುವ” ಎಂದರು. ಚುಚ್ಚಲು ಕೇಳಿದ್ದು. ಫ್ರಾನ್ಸಿಸ್ ಬುಕಾನನ್ ನೆನಪಾದ. 1799ರಲ್ಲಿ ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯಲ್ಲಿ ಏನೇನು ಬೆಳೆಯುತ್ತದೆ, ಎಷ್ಟು ಹುಟ್ಟುತ್ತದೆ ಎಂದು ನೋಡಿ ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ ವೈದ್ಯ ಅವನು. 1800–01ರಲ್ಲಿ ಸುತ್ತಿದ, 1807ರಲ್ಲಿ ಮೂರು ಸಂಪುಟ ಅಚ್ಚಾಯಿತು. ಹೊಲದ ಬದುವಿನಲ್ಲಿ ನಿಂತು ರೈತರನ್ನು ಕೇಳಿ ಕೇಳಿ ಬರೆದಿದ್ದಾನೆ: ಯಾವ ಮಣ್ಣಿಗೆ ಯಾವ ಬೆಳೆ, ಎಷ್ಟು ಸಲ ಉಳುಮೆ, ಕೂರಿಗೆ ಬಿತ್ತನೆ ಹೇಗೆ, ರಾಗಿಯ ನಡುವೆ ಅವರೆ ತೊಗರಿಯ ಸಾಲು ಹೇಗೆ. ನಾನು ರಾಗಿಯ ಪುಟಗಳನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಅವರೆ ತೊಗರಿಯ ಸಾಲಿನ ಮಾತು ಬಂದಾಗ ಅವರು ಕುರ್ಚಿಯಲ್ಲಿ ಮುಂದೆ ಜರುಗಿದರು. “ಅಕ್ಕಡಿ! ನಮ್ಮಪ್ಪ ಹಿಂಗೇ ಹಾಕ್ತಿದ್ದ. ನಾನೇ ಬಿಟ್ಟೆ.” ಆಮೇಲೆ ಒಂದು ಒಳ್ಳೆಯ ಪ್ರಶ್ನೆ ಕೇಳಿದರು: “ಅವ್ನಿಗೆ ಇದನ್ನೆಲ್ಲ ಬರ್ಕೊಳೋ ದರ್ದು ಏನಿತ್ತು?” ಕಂದಾಯ ಎಂದೆ. “ಅಂಗಾದ್ರೆ ನಮ್ಮೋರು ಅವನಿಗೆ ಫಸಲು ಕಮ್ಮಿನೇ ಏಳಿರ್ತಾರೆ ಬುಡಿ” ಎಂದು ನಕ್ಕರು. ಆಕರವನ್ನು ಹೇಗೆ ಅನುಮಾನಿಸಬೇಕು ಎಂದು ನಾನು ಅಷ್ಟು ವರ್ಷ ಪಾಠ ಮಾಡಿ ಒಬ್ಬ ವಿದ್ಯಾರ್ಥಿಗೂ ಕಲಿಸಿರಲಿಲ್ಲ.

ಇನ್ನೊಬ್ಬರು ಬಸ್ ಕಂಡಕ್ಟರು. ಹಾಸನ, ಹೊಳೆನರಸೀಪುರ, ಅರಕಲಗೂಡು ರೂಟುಗಳಲ್ಲಿ ಸವೆದವರು. ದಾರಿಬದಿಯಲ್ಲಿ, ಕೆರೆ ಏರಿಯ ಮೇಲೆ, ಗುಡಿಯ ಹಿಂದೆ ಬಿದ್ದ ಕೆತ್ತಿದ ಕಲ್ಲುಗಳನ್ನು ಕಂಡು ಇವೇನು ಎಂದು ತಲೆಯಲ್ಲಿಟ್ಟುಕೊಂಡಿದ್ದರು. ಅವರಿಗೆ ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಕೊಟ್ಟೆ. ಪೂರ್ತಿ ಓದಿ ಎನ್ನಲಿಲ್ಲ. ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎಂಬುದಷ್ಟನ್ನೇ ಹೇಳಿದೆ: ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ಹಲವು ಕಡೆ ತುರುಗೊಳ್ ಎಂಬ ದನ ಕದಿಯುವ ಕಾಳಗ, ಓಡುವ ದನ. ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೂತ ವೀರ. ಈಗ ಅವರ ಮೊಬೈಲಿನ ತುಂಬ ವೀರಗಲ್ಲು. ಚಿದಾನಂದಮೂರ್ತಿಯವರ ದಪ್ಪ ಪುಸ್ತಕವನ್ನು ಅವರೇ ಕೇಳಿ ಒಯ್ದರು, ಅದರಲ್ಲಿ ಪ್ರಾಣಾರ್ಪಣೆಯ ಭಾಗವನ್ನು ಮಾತ್ರ ಓದಿ ತಂದುಕೊಟ್ಟರು. ಮೊದಲಿನ ನಾನಾಗಿದ್ದರೆ ಪೂರ್ತಿ ಓದಿಲ್ಲವೇ ಎನ್ನುತ್ತಿದ್ದೆ. ಇವರಿಗೆ, ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನದ ಸಂಪುಟ ಮೊಬೈಲಿನಲ್ಲೇ ಸಿಗುತ್ತದೆ, ತಾಲ್ಲೂಕುವಾರು ಜೋಡಿಸಿದ್ದಾರೆ, ನಿಮ್ಮ ರೂಟಿನ ಊರುಗಳನ್ನು ನೋಡಿ ಎಂದು ತೋರಿಸಿಕೊಟ್ಟೆ. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಐದನೆಯ ಸಂಪುಟ ತಂದಾಗ ಹೀಗೆ ಟಿಕೆಟ್ ಪುಸ್ತಕದ ಪಕ್ಕದಲ್ಲಿ ಅದು ತೆರೆದುಕೊಳ್ಳುತ್ತದೆ ಎಂದುಕೊಂಡಿರಲಾರ.

ಮಕ್ಕಳ ವಿಷಯದಲ್ಲಿ ನೆಹರೂ ಪತ್ರಗಳನ್ನು ಬಿಟ್ಟಿಲ್ಲ, ಕೊಡುವ ರೀತಿ ಬದಲಾಯಿಸಿದ್ದೇನೆ. 1928ರ ಬೇಸಿಗೆಯಲ್ಲಿ ಹತ್ತು ವರ್ಷದ ಇಂದಿರಾ ಮಸ್ಸೂರಿಯಲ್ಲಿದ್ದಾಗ ಬರೆದವು. ರಾಜರಿಂದಲ್ಲ, ಭೂಮಿ, ಕಲ್ಲು, ಪ್ರಾಣಿಗಳಿಂದ ಶುರುವಾಗುತ್ತವೆ. ಹಿಂದೆ ನಾನು ಮೊದಲಿನಿಂದ ಕೊನೆಯವರೆಗೆ ಓದಿಸಿ ಪ್ರಶ್ನೆ ಕೊಡುತ್ತಿದ್ದೆ, ಅಲ್ಲಿಗೆ ಪುಸ್ತಕ ಸಾಯುತ್ತಿತ್ತು. ಈಗ ನದಿಯಲ್ಲಿ ಉರುಳಿ ಉರುಳಿ ನುಣುಪಾದ ಕಲ್ಲಿನ ಮಾತು ಬರುವ ಪುಟವೊಂದನ್ನೇ ಓದಿ ಹೇಳುತ್ತೇನೆ. ಒಬ್ಬ ಹುಡುಗ ಗೊರೂರಿನ ಹತ್ತಿರ ಹೇಮಾವತಿಯ ದಂಡೆಯಿಂದ ಚಡ್ಡಿ ಜೇಬಿನ ತುಂಬ ಕಲ್ಲು ತಂದು, ಯಾವುದು ಹಳೆಯದು ಹೇಳಿ ಎಂದು ಮೇಜಿನ ಮೇಲೆ ಸುರಿದ. ಮಿಕ್ಕ ಮಕ್ಕಳಿಗೆ ಆ ರಟ್ಟಿನ ಪೆಟ್ಟಿಗೆ ಇದ್ದೇ ಇದೆ. ಅದರಲ್ಲಿನ ಪುಸ್ತಕಗಳಿಗೆ ರಕ್ಷಾಪುಟ ಹಾಕಿಸಿದ್ದೇನೆ.

ಕೆಎಎಸ್, ಎಫ್‌ಡಿಎ ಎಂದು ಓದುವ ಹುಡುಗರ ಹತ್ತಿರ ನನ್ನ ಆಟ ನಡೆಯುವುದಿಲ್ಲ. ಅವರಿಗೆ ಕಾಮತರ ಪುಸ್ತಕ, ಹಳೆಯ ಪ್ರಶ್ನೆಪತ್ರಿಕೆ ಸಾಕು. ಹಲ್ಮಿಡಿ ಶಾಸನ ಸುಮಾರು 450, ಬೇಲೂರು ತಾಲ್ಲೂಕು, 1936ರಲ್ಲಿ ಬೆಳಕಿಗೆ ತಂದವರು ಎಂ.ಎಚ್. ಕೃಷ್ಣ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಹಲ್ಮಿಡಿಗೆ ಹೋಗಿದ್ದೀರಾ ಎಂದರೆ, ಅದು ಸಿಲಬಸ್‌ನಲ್ಲಿ ಇಲ್ಲ ಸಾರ್ ಎನ್ನುತ್ತಾರೆ. ಬಿಟ್ಟುಬಿಟ್ಟೆ. ಕೆಲಸ ಸಿಗಲಿ ಮೊದಲು.

ಶಾಂತಲೆಯ ಬಗ್ಗೆ ಪ್ರಶ್ನೆ ಕೇಳಿದ ಆ ಹುಡುಗಿಯ ತಾಯಿ ಸ್ತ್ರೀಶಕ್ತಿ ಸಂಘದ ಸಭೆಗೆ ಗ್ರಂಥಾಲಯಕ್ಕೆ ಬರುತ್ತಿದ್ದರು. ಮಗಳು ಈಗ ಹಾಸನದಲ್ಲಿ ನರ್ಸು. ಒಂದು ಸಂಜೆ ಧೈರ್ಯ ಮಾಡಿ ನಡೆದದ್ದನ್ನೆಲ್ಲ ಅವರಿಗೆ ಹೇಳಿದೆ. ಶಾಸನದಲ್ಲಿ ಇರುವುದೇನು, ಇಲ್ಲದ್ದೇನು, ಮಾಚಿಕಬ್ಬೆ ಯಾರು ಎಂದು. ಅವರು ನನ್ನ ತಪ್ಪಿನ ಕಡೆ ಗಮನವನ್ನೇ ಕೊಡಲಿಲ್ಲ. “ಮಗ್ಳು ಹೋದ್ಲು ಅಂತ ಅವ್ವ ತಿಂಗ್ಳು ಊಟ ಬುಟ್ಳಾ? ಯಾರೂ ಬ್ಯಾಡ ಅನ್ಲಿಲ್ವಾ?” ಎಂದು ಅದನ್ನೇ ಕೇಳಿದರು. ಸಲ್ಲೇಖನ ಎಂದರೆ ಏನು, ಗುರುಗಳ ಅಪ್ಪಣೆ ಪಡೆದು ಮಾಡುವ ವ್ರತ ಅದು ಎಂದು ವಿವರಿಸುತ್ತ ಹೋದೆ. ಶೆಟ್ಟರ್ ಅವರು ಶ್ರವಣಬೆಳಗೊಳದ ಕಲ್ಲುಗಳನ್ನೇ ಇಟ್ಟುಕೊಂಡು ಈ ಬಗೆಯ ಸಾವಿನ ಬಗ್ಗೆ ಬರೆದಿದ್ದಾರೆ, ಕನ್ನಡದಲ್ಲಿ ‘ಸಾವಿಗೆ ಆಹ್ವಾನ’ ಎಂದಿದೆ ಎಂದೆ. ಕೊಡಿ ಎಂದರು. ಕಷ್ಟದ ಪುಸ್ತಕ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನಿಧಾನವಾಗಿ ಓದುತ್ತಿದ್ದಾರೆ, ತಿಳಿಯದ ಕಡೆ ಪೆನ್ಸಿಲ್ ಗೀಟು ಹಾಕಿ ತರುತ್ತಾರೆ. ಶಾಂತಲೆಯ ಕಥೆಯೂ ಬೇಕು ಎಂದಾಗ ಅಯ್ಯರ್ ಅವರದನ್ನೂ ಸಿ.ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ಯನ್ನೂ ಒಟ್ಟಿಗೆ ಕೊಟ್ಟೆ. ಎರಡೂ ಕಾದಂಬರಿ, ಎರಡರಲ್ಲೂ ಶಾಂತಲೆ ಬೇರೆ ಬೇರೆ ಎಂದು ಮೊದಲೇ ಹೇಳಿದೆ.

“ಇದನ್ನೆಲ್ಲ ಅವ್ಳಿಗೇ ಏಳಿ ಸಾ. ನನ್ತಾವ ಏಳಿದ್ರೆ ಏನ್ ಬಂತು?” ಎಂದರು ಹೊರಡುವಾಗ. ಮಾತು ನ್ಯಾಯವಾದದ್ದು. ನಂಬರೂ ಕೊಟ್ಟಿದ್ದಾರೆ.

ಸದ್ಯ ಮುಂದಿನ ಭಾನುವಾರ ದೊಡ್ಡಗದ್ದವಳ್ಳಿಗೆ ಹೋಗುವ ಯೋಚನೆ ಇದೆ. ರೈತರು, ಕಂಡಕ್ಟರು, ಆ ತಾಯಿ, ಕಲ್ಲಿನ ಹುಡುಗ. ಅಲ್ಲಿನ ಲಕ್ಷ್ಮೀದೇವಿ ಗುಡಿಯ ಬಗ್ಗೆ ನರಸಿಂಹಾಚಾರ್ಯರು 1919ರಲ್ಲಿ ತಂದ ಪುಸ್ತಕವನ್ನು ನಾನು ಕನ್ನಡದಲ್ಲಿ ಹೇಳಬೇಕು. ಅಲ್ಲಿನ ಕಾಳಿ ವಿಗ್ರಹ 2020ರಲ್ಲಿ ಭಗ್ನವಾಯಿತು. ನೂರು ವರ್ಷದ ಹಿಂದೆ ಕಂಡವರು ಏನು ಬರೆದಿದ್ದರು, ಈಗ ಎದುರಿಗೆ ಏನಿದೆ ಎಂದು ಪಕ್ಕಪಕ್ಕ ಇಟ್ಟು ನೋಡಬೇಕೆಂಬುದು ಕಂಡಕ್ಟರ ಆಸೆ. ಯಾವ ಬಸ್ಸಿಗೆ ಹೊರಡಬೇಕು, ವಾಪಸು ಬಸ್ಸು ಎಷ್ಟಕ್ಕೆ ಎಂಬುದನ್ನೂ ಅವರೇ ನೋಡಿಕೊಳ್ಳುತ್ತಾರಂತೆ.